ಟ್ರೆಬ್ಲಿಂಕಾಕ್ಕೆ ಹೊರಡುವ ಮುನ್ನ



ಬರುವ ಸೆಪ್ಟೆಂಬರಿನಲ್ಲಿ ನಾನು ಪೋಲೆಂಡಿಗೆ ಹೋಗುತ್ತಿದ್ದೇನೆ. ಮಗಳು ಅಲ್ಲಿನ ರಾಜಧಾನಿ ವಾರ್ಸಾದಲ್ಲಿ ಕೆಲಸಕ್ಕಿದ್ದಾಳೆ. 'ಏನೇನು ನೋಡ್ಬೇಕು ಅಂತ ಈಗ್ಲೇ ಹೇಳಮ್ಮ, ರಜಾ ಹಾಕ್ಬೇಕು' ಎಂದು ಫೋನಿನಲ್ಲಿ ಕೇಳಿದಳು. ಮಿಕ್ಕಿದ್ದು ನಿನ್ನಿಷ್ಟ, ಒಂದು ದಿನ ಮಾತ್ರ ಟ್ರೆಬ್ಲಿಂಕಾಕ್ಕೆ ಇಟ್ಟುಕೋ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಲ್ಲಿ ನೋಡೋಕೆ ಏನೂ ಇಲ್ವಂತಲ್ಲಮ್ಮ' ಎಂದಳು.

ಅವಳು ಹೇಳಿದ್ದು ಸರಿ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ಹತ್ಯಾ ಶಿಬಿರ ಇದ್ದ ಆ ಜಾಗದಲ್ಲಿ ಈಗಿರುವುದು ಪೈನ್ ಮರಗಳ ಕಾಡು, ಕಾಡಿನ ನಡುವೆ ಒಂದು ಬಯಲು, ಬಯಲಿನಲ್ಲಿ ಆಮೇಲೆ ನೆಟ್ಟ ಕಲ್ಲುಗಳು. ನಾಜಿಗಳ ಇನ್ನೊಂದು ಶಿಬಿರವಾದ ಆಶ್ವಿಟ್ಸ್‌ನಲ್ಲಿ ಗಾಜಿನ ಹಿಂದೆ ರಾಶಿ ಹಾಕಿಟ್ಟ ಪಾದರಕ್ಷೆಗಳಿವೆ, ಮೇಲೆ ಹೆಸರು ಬರೆದ ಸೂಟ್‌ಕೇಸುಗಳಿವೆ, ಕಟ್ಟಡಗಳು ನಿಂತಿವೆ. ಟ್ರೆಬ್ಲಿಂಕಾದಲ್ಲಿ ಬೇಲಿಯ ಒಂದು ಕಂಬವೂ ಇಲ್ಲ. ಕಾಲ ಕಳೆದು ಹಾಳಾಗಿದ್ದಲ್ಲ ಅದು. ಕೊಂದವರೇ 1943ರಲ್ಲಿ ಎಲ್ಲವನ್ನೂ ಕೆಡವಿ, ನೆಲ ಉತ್ತು, ಲುಪಿನ್ ಎಂಬ ಹೂಗಿಡದ ಬೀಜ ಬಿತ್ತಿ ಹೋದರು. ಒಂದು ತೋಟದ ಮನೆ ಕಟ್ಟಿ, ತಮ್ಮ ಕಾವಲುಗಾರನೊಬ್ಬನನ್ನು ಸಂಸಾರ ಸಮೇತ ಅಲ್ಲಿ ಇರಿಸಿದರು. ಯಾರಾದರೂ ಬಂದು ಕೇಳಿದರೆ ಇದು ರೈತನ ಜಮೀನು ಎನ್ನಬೇಕು, ಅಷ್ಟೆ. ಹೀಗಾಗಿ ಏನೂ ಓದದೆ ಅಲ್ಲಿಗೆ ಹೋಗಿ ನಿಂತರೆ ನನಗೆ ಕಾಣಿಸುವುದು ಆ ಕೊಲೆಗಾರರು ಕಾಣಿಸಬೇಕೆಂದು ಬಿಟ್ಟುಹೋದ ನೋಟವೇ. ಅದು ಆಗಬಾರದು ಎಂದು ಎಂಟು ತಿಂಗಳಿಂದ ಓದುತ್ತಿದ್ದೇನೆ. ಆ ಓದಿನ ಕೆಲವು ಸಂಗತಿಗಳನ್ನು ಇವತ್ತು ನಿಮಗೆ ಹೇಳಬೇಕೆಂದಿದ್ದೇನೆ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಎರಡನೆಯ ಮಹಾಯುದ್ಧದ ಪಾಠದಲ್ಲಿ 'ಅರವತ್ತು ಲಕ್ಷ ಯಹೂದಿಗಳು' ಎಂಬುದು ಒಂದು ಅಂಕದ ಉತ್ತರ. ಮಕ್ಕಳು ಬರೆಯುತ್ತಿದ್ದರು, ನಾನು ಗುರುತು ಹಾಕುತ್ತಿದ್ದೆ. ಆ ಜನ ಯಾವ ಊರಿನವರು, ಅವರನ್ನು ಯಾವ ರೈಲಿನಲ್ಲಿ ತಂದರು, ಟಿಕೆಟ್ಟಿನ ದುಡ್ಡು ಯಾರು ಕೊಟ್ಟರು ಎಂದು ಒಬ್ಬ ಹುಡುಗನಾದರೂ ಕೇಳಿದ್ದರೆ ನನ್ನಲ್ಲಿ ಉತ್ತರ ಇರಲಿಲ್ಲ. ನಮ್ಮಲ್ಲಿ ಗದರುವ ಹೆಡ್ ಮಾಸ್ತರರನ್ನು, ಬಿಗಿಯಾದ ಅಪ್ಪನನ್ನು 'ಹಿಟ್ಲರ್' ಎಂದು ಕರೆಯುವುದು ರೂಢಿ. ನಾನೂ ಕರೆದಿದ್ದೇನೆ. ಈ ಎಂಟು ತಿಂಗಳಲ್ಲಿ ಆ ಮಾತು ನನ್ನ ಬಾಯಿಂದ ಹೋಯಿತು.

ಓದಲು ಕೂತಾಗ ಮೊದಲು ತಿದ್ದಿಕೊಳ್ಳಬೇಕಾಗಿ ಬಂದದ್ದು ಒಂದು ಹೆಸರನ್ನು. ಎಲ್ಲ ಶಿಬಿರಗಳನ್ನೂ ನಾನು 'ಕಾನ್ಸೆಂಟ್ರೇಷನ್ ಕ್ಯಾಂಪ್' ಎಂದೇ ಹೇಳುತ್ತಿದ್ದೆ. ಮ್ಯೂನಿಕ್ ಬಳಿಯ ಡಕಾವ್ 1933ರಲ್ಲಿ ಶುರುವಾದ ಅಂಥ ಶಿಬಿರ. ಅಲ್ಲಿ ಜನರನ್ನು ಕೂಡಿಹಾಕಿ ದುಡಿಸಿದರು, ಹಸಿವಿಗೆ, ರೋಗಕ್ಕೆ, ಹೊಡೆತಕ್ಕೆ ಸಾವಿರಾರು ಮಂದಿ ಸತ್ತರು. ಹತ್ಯಾ ಶಿಬಿರ ಇನ್ನೊಂದು ಬಗೆ. ಜನರನ್ನು ಕೊಲ್ಲುವುದಕ್ಕೆಂದೇ ಕಟ್ಟಿದ ಜಾಗ ಅದು. ಜರ್ಮನರು ಆಕ್ರಮಿಸಿಕೊಂಡಿದ್ದ ಪೋಲೆಂಡಿನಲ್ಲಿ ಅಂಥ ಆರು ಹೆಸರುಗಳನ್ನು ಸಾಮಾನ್ಯವಾಗಿ ಹೇಳುತ್ತಾರೆ: ಹೆಲ್ಮ್‌ನೊ, ಬೆಲ್‌ಜೆಟ್ಸ್, ಸೊಬಿಬೋರ್, ಟ್ರೆಬ್ಲಿಂಕಾ, ಮೈದಾನೆಕ್, ಆಶ್ವಿಟ್ಸ್-ಬಿರ್ಕೆನಾವ್. ಇವು ಪೋಲೆಂಡಿನ ನೆಲದಲ್ಲಿ ಇದ್ದವೇ ಹೊರತು ಪೋಲೆಂಡಿನವರು ಕಟ್ಟಿದವಲ್ಲ. ಅಲ್ಲಿಯ ಜನರ ಮುಂದೆ 'ಪೋಲಿಷ್ ಕ್ಯಾಂಪ್' ಎಂದರೆ ಅವರಿಗೆ ನೋವಾಗುತ್ತದೆ. ಯುನೆಸ್ಕೊ ಕೂಡ 2007ರಲ್ಲಿ ತನ್ನ ಪಟ್ಟಿಯಲ್ಲಿ ಆಶ್ವಿಟ್ಸ್‌ನ ಹೆಸರನ್ನು ಬದಲಿಸಿ, ಅದು ಜರ್ಮನ್ ನಾಜಿ ಶಿಬಿರ ಎಂದು ಸ್ಪಷ್ಟವಾಗಿ ಸೇರಿಸಿತು.

ಟ್ರೆಬ್ಲಿಂಕಾ ವಾರ್ಸಾದಿಂದ ಈಶಾನ್ಯಕ್ಕೆ ಸುಮಾರು 80 ಕಿಲೋಮೀಟರ್. ಬುಗ್ ನದಿಯ ಹತ್ತಿರದ ಮರಳು ನೆಲ. ಶಿಬಿರದ ವಿಸ್ತಾರ 17 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 42 ಎಕರೆ. ನಮ್ಮ ಕಡೆ ಒಬ್ಬ ದೊಡ್ಡ ಹಿಡುವಳಿದಾರನ ಜಮೀನು ಅಷ್ಟು ಇರುತ್ತದೆ. ಎಸ್‌ಎಸ್ ಎಂಬ ನಾಜಿ ಪಡೆಯ ಜರ್ಮನ್ ಸಿಬ್ಬಂದಿ ಮೂವತ್ತರ ಆಸುಪಾಸು, ಅವರ ಕೈಕೆಳಗೆ ತರಬೇತಿ ಕೊಟ್ಟ ಕಾವಲುಗಾರರು ನೂರರಷ್ಟು. 1942ರ ಜುಲೈ 23ರಿಂದ ಮುಂದಿನ ವರ್ಷದ ಆಗಸ್ಟಿನವರೆಗೆ ಈ ಜಾಗದಲ್ಲಿ ಕೊಂದದ್ದು ಎಂಟು ಲಕ್ಷದ ಆಸುಪಾಸು ಮನುಷ್ಯರನ್ನು. ಹೆಚ್ಚುಕಡಿಮೆ ಎಲ್ಲರೂ ಯಹೂದಿಗಳು. ರೋಮಾ ಜನರೂ ಎರಡು ಸಾವಿರದಷ್ಟು ಇದ್ದರು. ಆಶ್ವಿಟ್ಸ್ ಬಿಟ್ಟರೆ ಇಷ್ಟು ಜನರನ್ನು ಬೇರೆ ಯಾವ ಶಿಬಿರದಲ್ಲೂ ಕೊಂದಿಲ್ಲ. ಆದರೂ ಈ ಹೆಸರು ನಮ್ಮ ಪಠ್ಯಪುಸ್ತಕಕ್ಕೆ ಬರಲಿಲ್ಲ. ಬಂದು ಹೇಳುವವರು ಉಳಿದಿರಲಿಲ್ಲ ಎಂಬುದೇ ಕಾರಣ ಇರಬೇಕು.

ಮೂವತ್ತು ಜನ ಇದನ್ನು ಹೇಗೆ ಮಾಡಿದರು ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅವರು ಅಲ್ಲಿಗೆ ಬರುವ ಮೊದಲೇ ಕೈ ಪಳಗಿಸಿಕೊಂಡಿದ್ದರು. 1940-41ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ ಅಂಗವಿಕಲರನ್ನೂ ಮನೋರೋಗಿಗಳನ್ನೂ 'ಬದುಕಿಗೆ ಅನರ್ಹರು' ಎಂದು ತೀರ್ಮಾನಿಸಿ, ಆಸ್ಪತ್ರೆಗಳ ಒಳಗೆ ವಿಷಾನಿಲ ಬಿಟ್ಟು ಸುಮಾರು 70,000 ಮಂದಿಯನ್ನು ಕೊಂದರು. ಟಿ-4 ಎಂದು ಅದರ ಗುಟ್ಟಿನ ಹೆಸರು. ಆ ಕೆಲಸ ಮಾಡಿದವರನ್ನೇ ಟ್ರೆಬ್ಲಿಂಕಾಕ್ಕೂ ಅದರ ಜೊತೆಯ ಬೆಲ್‌ಜೆಟ್ಸ್, ಸೊಬಿಬೋರ್‌ಗಳಿಗೂ ವರ್ಗ ಮಾಡಿದರು. ಟ್ರೆಬ್ಲಿಂಕಾದ ಮೊದಲ ಮುಖ್ಯಸ್ಥ ಒಬ್ಬ ವೈದ್ಯ. ಎರಡನೆಯವನು ಫ್ರಾನ್ಜ್ ಸ್ಟಾಂಗಲ್, ಆಸ್ಟ್ರಿಯಾದ ಪೊಲೀಸು. ಇಬ್ಬರೂ ಆ ಆಸ್ಪತ್ರೆಗಳಿಂದ ಬಂದವರು.

ಇನ್ನು ರೈಲು. ನಮ್ಮ ತಂದೆ ರೈಲ್ವೆಯಲ್ಲಿದ್ದರು. ವೇಳಾಪಟ್ಟಿ, ವ್ಯಾಗನ್ನಿನ ಲೆಕ್ಕ, ಪಾಯಿಂಟ್ಸ್‌ಮನ್ ಎಂಬ ಮಾತುಗಳ ನಡುವೆ ಬೆಳೆದವಳು ನಾನು. ಈ ಭಾಗ ಓದುವಾಗ ಪುಸ್ತಕವನ್ನು ಎಷ್ಟೋ ಸಲ ಮಡಚಿಟ್ಟಿದ್ದೇನೆ. ರೌಲ್ ಹಿಲ್‌ಬರ್ಗ್ ಎಂಬ ಇತಿಹಾಸಕಾರರು ಜರ್ಮನ್ ರೈಲ್ವೆಯ ಕಾಗದಪತ್ರಗಳನ್ನು ಒಂದೊಂದಾಗಿ ಓದಿ ಇದನ್ನು ಬಿಡಿಸಿಟ್ಟರು. ಸಾವಿಗೆ ಹೋಗುವ ರೈಲುಗಳಿಗೂ ಟಿಕೆಟ್ ದರ ಇತ್ತು. ಮೂರನೇ ದರ್ಜೆಯ ದರ, ಹೋಗುವುದಕ್ಕೆ ಮಾತ್ರ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ಟಿಕೆಟ್, ನಾಲ್ಕು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ನಾನೂರಕ್ಕಿಂತ ಹೆಚ್ಚು ಜನರನ್ನು ಒಟ್ಟಿಗೆ ಕಳಿಸಿದರೆ ರಿಯಾಯಿತಿ. ಕಾವಲಿಗೆ ಹೋದವರಿಗೆ ಹಿಂದಿರುಗುವ ಟಿಕೆಟ್ಟೂ ಉಂಟು. ಇದನ್ನೆಲ್ಲ ಬರೆದು, ಸಹಿ ಮಾಡಿ, ಸೀಲು ಒತ್ತಿದವರು ಯಾರ ಮೇಲೂ ಕೈ ಮಾಡಿದವರಲ್ಲ. ಸಂಜೆ ಮನೆಗೆ ಹೋಗಿ ಮಕ್ಕಳ ಜೊತೆ ಊಟಕ್ಕೆ ಕೂತ ಗುಮಾಸ್ತರು.

ಅದೇ ರೈಲ್ವೆಯಲ್ಲಿ ಇನ್ನೊಬ್ಬರೂ ಇದ್ದರು. ಟ್ರೆಬ್ಲಿಂಕಾ ಹಳ್ಳಿಯ ನಿಲ್ದಾಣದಲ್ಲಿ ಕೆಲಸ ಮಾಡುತ್ತಿದ್ದ ಫ್ರಾಂಚಿಷೆಕ್ ಜೊಂಬೆಟ್ಸ್ಕಿ ಎಂಬ ಪೋಲಿಷ್ ನೌಕರ. ಗುಟ್ಟಾಗಿ ಪೋಲಿಷ್ ಪ್ರತಿರೋಧ ಪಡೆಗೆ ಸೇರಿದವರು. ಪ್ರತಿ ವ್ಯಾಗನ್ನಿನ ಮೇಲೆ ಒಳಗೆ ಎಷ್ಟು ಜನರಿದ್ದಾರೆಂದು ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತು. ಅವರು ಅದನ್ನು ಎಣಿಸಿ ಲೆಕ್ಕ ಇಟ್ಟರು. ವ್ಯಾಗನ್ನುಗಳ ಕಾಗದಗಳಲ್ಲಿ ಕೆಲವನ್ನು ಎತ್ತಿಟ್ಟುಕೊಂಡರು. ಸಿಕ್ಕಿಬಿದ್ದಿದ್ದರೆ ತಲೆ ಉಳಿಯುತ್ತಿರಲಿಲ್ಲ. ಯುದ್ಧ ಮುಗಿದ ಎಷ್ಟೋ ವರ್ಷಗಳ ಮೇಲೆ ಜರ್ಮನಿಯ ನ್ಯಾಯಾಲಯದಲ್ಲಿ ಸ್ಟಾಂಗಲ್‌ನ ವಿರುದ್ಧ ಸಾಕ್ಷಿ ಹೇಳಿದರು. ಅವರು ಕಟ್ಟಿದ ಅಂದಾಜು ಇವತ್ತಿನ ಲೆಕ್ಕಕ್ಕಿಂತ ಹೆಚ್ಚು. 1944ರಲ್ಲಿ ಟ್ರೆಬ್ಲಿಂಕಾಕ್ಕೆ ಹೋದ ಸೋವಿಯತ್ ಲೇಖಕ ವಸೀಲಿ ಗ್ರಾಸ್‌ಮನ್ ಬರೆದ ಸಂಖ್ಯೆ ಇನ್ನೂ ಬಹಳ ಹೆಚ್ಚು. ಆಮೇಲೆ 2000ದಲ್ಲಿ ಬ್ರಿಟನ್ನಿನ ದಾಖಲಾಗಾರದಲ್ಲಿ ಒಂದು ತಂತಿ ಸಂದೇಶ ಕಂಡಿತು. 1943ರ ಜನವರಿಯಲ್ಲಿ ಎಸ್‌ಎಸ್ ಅಧಿಕಾರಿಯೊಬ್ಬ ಕಳಿಸಿದ್ದು, ಬ್ರಿಟಿಷರು ನಡುದಾರಿಯಲ್ಲಿ ಹಿಡಿದು ಬರೆದುಕೊಂಡಿದ್ದು. ಅದರ ಪ್ರಕಾರ 1942ರ ಕೊನೆಗೇ ಟ್ರೆಬ್ಲಿಂಕಾಕ್ಕೆ ತಂದವರು 7,13,555. ಲೆಕ್ಕ ತಿದ್ದುತ್ತ ಬಂದಿರುವುದನ್ನೇ ಹಿಡಿದು ಇದೆಲ್ಲ ಸುಳ್ಳು ಎನ್ನುವವರು ಇದ್ದಾರೆ. ಕೊಂದವರೇ ಇಟ್ಟ ಲೆಕ್ಕ ಸಿಕ್ಕಿರುವಾಗ ಅಂಥವರಿಗೆ ನಾನು ಹೇಳುವುದು ಏನೂ ಇಲ್ಲ.

ಶಿಬಿರದೊಳಗೆ ನಡೆದದ್ದನ್ನು ಬಾನುಲಿಯಲ್ಲಿ ಎಲ್ಲ ಹೇಳಲಾರೆ, ಮಕ್ಕಳೂ ಕೇಳುತ್ತಿರಬಹುದು. ಒಂದನ್ನು ಮಾತ್ರ ಹೇಳುತ್ತೇನೆ. ರೈಲು ಬಂದು ನಿಲ್ಲುವ ಜಾಗವನ್ನು ನಿಜವಾದ ನಿಲ್ದಾಣದಂತೆ ಸಿಂಗರಿಸಿದ್ದರು. ಟಿಕೆಟ್ ಕಿಟಕಿ, ಮುಂದಿನ ಊರುಗಳಿಗೆ ಹೋಗುವ ರೈಲುಗಳ ಫಲಕ, ಒಂದು ಗಡಿಯಾರ. ಗಡಿಯಾರದ ಮುಳ್ಳುಗಳು ಬಣ್ಣದಲ್ಲಿ ಬರೆದವು, ಆಡುತ್ತಿರಲಿಲ್ಲ. ಸ್ನಾನ ಮಾಡಿಸಿ ಮುಂದಿನ ಊರಿಗೆ ಕಳಿಸುತ್ತೇವೆ ಎಂದು ಬಂದವರಿಗೆ ಹೇಳುತ್ತಿದ್ದರು. ಎರಡು ಮೂರು ಗಂಟೆಗಳಲ್ಲಿ ಎಲ್ಲ ಮುಗಿದಿರುತ್ತಿತ್ತು. ಸುತ್ತಲಿನ ಬೇಲಿಗೆ ಪೈನ್ ಕೊಂಬೆಗಳನ್ನು ಹೆಣೆದು ಹೊರಗಿನವರಿಗೆ ಕಾಣದಂತೆ ಮಾಡಿದ್ದರು. ಕೊಂಬೆ ಒಣಗಿದರೆ ಹೊಸದನ್ನು ಹೆಣೆಯುವುದಕ್ಕೇ ಕೈದಿಗಳ ಒಂದು ಗುಂಪು ಇತ್ತು.

ಹಾಗೆ ದುಡಿಸಿಕೊಳ್ಳಲು ಉಳಿಸಿಕೊಂಡ ಎಂಟುನೂರು ಚಿಲ್ಲರೆ ಕೈದಿಗಳು 1943ರ ಆಗಸ್ಟ್ 2, ಸೋಮವಾರ, ಬಂಡೆದ್ದರು. ಆಯುಧದ ಕೋಣೆಗೆ ನಕಲಿ ಕೀಲಿಕೈ ಮಾಡಿಸಿಕೊಂಡಿದ್ದರು. ಕಟ್ಟಡಗಳಿಗೆ ಬೆಂಕಿ ಇಟ್ಟರು, ಬೇಲಿ ದಾಟಿ ಓಡಿದರು. ಹೊರಗೆ ಹೋದವರು ಕೆಲವು ನೂರು. ಯುದ್ಧದ ಕೊನೆಗೆ ಬದುಕಿ ಉಳಿದವರು ನೂರನ್ನು ಮುಟ್ಟಲಿಲ್ಲ. ಅವರಲ್ಲಿ ಯಾಂಕೆಲ್ ವೀರ್ನಿಕ್ ಒಬ್ಬ ಬಡಗಿ. ತಾನು ಕಂಡದ್ದನ್ನು ಬರೆದರು. 1944ರಲ್ಲಿ ವಾರ್ಸಾದಲ್ಲಿ ಜರ್ಮನರ ಮೂಗಿನ ಕೆಳಗೇ ಅದನ್ನು ಗುಟ್ಟಾಗಿ ಅಚ್ಚು ಹಾಕಿದರು. ಮುಂದೆ ಇಸ್ರೇಲಿನಲ್ಲಿ ನೆಲೆಸಿ, ನೆನಪಿನಿಂದ ಇಡೀ ಶಿಬಿರದ ಮಾದರಿಯನ್ನು ಕೈಯಾರೆ ಕಟ್ಟಿದರು. ನಾನು ಆ ಮಾದರಿಯ ಚಿತ್ರವನ್ನು ನೋಡಿಕೊಂಡು ಒಂದು ಹಾಳೆಯಲ್ಲಿ ನಕ್ಷೆ ಬರೆದಿಟ್ಟುಕೊಂಡಿದ್ದೇನೆ. ಬಯಲಿನಲ್ಲಿ ಎಲ್ಲಿ ನಿಂತಿದ್ದೇನೆ ಎಂದು ನನಗೆ ಗೊತ್ತಿರಬೇಕು.

ಓದಿದ್ದರಲ್ಲಿ ಮತ್ತೆ ಮತ್ತೆ ತೆರೆಯುವುದು ವಾರ್ಸಾದ ಗುಪ್ತ ದಾಖಲೆಗಳ ಕಥೆಯನ್ನು. 1940ರ ನವೆಂಬರಿನಲ್ಲಿ ಜರ್ಮನರು ಊರಿನ ಒಂದು ಭಾಗಕ್ಕೆ ಗೋಡೆ ಹಾಕಿ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಒಳಗೆ ತುಂಬಿದರು. ಗೆಟ್ಟೊ ಎನ್ನುತ್ತಾರೆ. ಆ ಗೋಡೆಯೊಳಗೆ ಎಮಾನ್ಯುಎಲ್ ರಿಂಗೆಲ್‌ಬ್ಲೂಮ್ ಎಂಬ ಇತಿಹಾಸದ ಮೇಷ್ಟ್ರು ಹತ್ತಾರು ಜನರನ್ನು ಸೇರಿಸಿಕೊಂಡು ಎಲ್ಲವನ್ನೂ ಕೂಡಿಡತೊಡಗಿದರು: ದಿನಚರಿ, ಶಾಲೆಯ ಪ್ರಬಂಧ, ರೇಷನ್ ಚೀಟಿ, ಮಿಠಾಯಿಯ ಕಾಗದ, ಗಂಜಿ ಕೇಂದ್ರದ ವರದಿ. 1942ರ ಜುಲೈ 22ರಂದು ಟ್ರೆಬ್ಲಿಂಕಾಕ್ಕೆ ಸಾಗಣೆ ಶುರುವಾದಾಗ ಕಾಗದಗಳನ್ನು ತಗಡಿನ ಪೆಟ್ಟಿಗೆಗಳಲ್ಲಿ, ಆಮೇಲೆ ಹಾಲಿನ ಕ್ಯಾನುಗಳಲ್ಲಿ ತುಂಬಿ ಹೂತಿಟ್ಟರು. ಸಾಗಣೆ ಎರಡು ತಿಂಗಳು ನಡೆಯಿತು. ತಾವಾಗಿ ಬಂದವರಿಗೆ ಮೂರು ಕಿಲೋ ಬ್ರೆಡ್ಡು, ಒಂದು ಕಿಲೋ ಜಾಮ್ ಕೊಡುತ್ತೇವೆಂದು ಜರ್ಮನರು ಆಸೆ ತೋರಿಸಿದರು. ಹಸಿದವರು ಮಕ್ಕಳ ಕೈ ಹಿಡಿದುಕೊಂಡು ಬಂದರು.

ಅಬ್ರಹಾಂ ಕ್ಷೆಪಿಟ್ಸ್ಕಿ ಎಂಬ ಯುವಕ ಟ್ರೆಬ್ಲಿಂಕಾದಲ್ಲಿ ಹದಿನೆಂಟು ದಿನ ಇದ್ದು, ಸತ್ತವರ ಬಟ್ಟೆ ಸಾಗಿಸುವ ವ್ಯಾಗನ್ನಿನಲ್ಲಿ ಅಡಗಿ ಪಾರಾಗಿ, ತಿರುಗಿ ಗೆಟ್ಟೊಗೇ ಬಂದ. ಗಂಜಿ ಕೇಂದ್ರ ನಡೆಸುತ್ತಿದ್ದ ಲೇಖಕಿ ರಾಹೆಲ್ ಅವರ್‌ಬಾಕ್ ಅವನನ್ನು ಕೂರಿಸಿಕೊಂಡು ಅವನು ಹೇಳಿದ್ದನ್ನೆಲ್ಲ ಬರೆದುಕೊಂಡರು. 1943ರಲ್ಲಿ ಗೆಟ್ಟೊದವರು ಜರ್ಮನರ ವಿರುದ್ಧ ಎದ್ದ ದಂಗೆಯಲ್ಲಿ ಅವನು ಸತ್ತ. ಬರಹ 1950ರ ಡಿಸೆಂಬರಿನಲ್ಲಿ ಹಾಲಿನ ಕ್ಯಾನಿನೊಳಗೆ ಸಿಕ್ಕಿತು. ರಿಂಗೆಲ್‌ಬ್ಲೂಮ್ ಅವರ ತಂಡದಲ್ಲಿ ಬದುಕುಳಿದ ಮೂವರಲ್ಲಿ ರಾಹೆಲ್ ಒಬ್ಬರು. 1945ರಲ್ಲಿ ತನಿಖಾ ತಂಡದ ಜೊತೆ ಅವರು ಟ್ರೆಬ್ಲಿಂಕಾಕ್ಕೆ ಹೋದಾಗ, ಸುತ್ತಲಿನ ಹಳ್ಳಿಯವರು ಚಿನ್ನ ಹುಡುಕುತ್ತ ಬೂದಿಯ ನೆಲವನ್ನು ಅಗೆದು ಹಾಕಿದ್ದರು. ಇದನ್ನೂ ತಿಳಿದೇ ಹೋಗಬೇಕು ಎಂದುಕೊಂಡಿದ್ದೇನೆ. ಒಂದು ಕ್ಯಾನು ನನಗೆ ವಾರ್ಸಾದ ಯಹೂದಿ ಇತಿಹಾಸ ಸಂಸ್ಥೆಯಲ್ಲಿ ನೋಡಲು ಸಿಗಬೇಕು. ನಮ್ಮ ಡೈರಿಗೆ ಹಾಲು ಒಯ್ಯುವ ಕ್ಯಾನಿನ ಹಾಗೆಯೇ ಇದೆ, ಚಿತ್ರದಲ್ಲಿ ನೋಡಿದೆ.

ಈಗ ಬಾನುಲಿಯ ಮಾತಿಗೇ ಬರುತ್ತೇನೆ. ನಮ್ಮ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಶುರು ಮಾಡಿದ್ದು 1935ರಲ್ಲಿ. ಸರಿಸುಮಾರು ಅದೇ ಕಾಲಕ್ಕೆ ವಾರ್ಸಾದ ರೇಡಿಯೊದಲ್ಲಿ 'ಮುದಿ ಡಾಕ್ಟರು' ಎಂಬ ಹೆಸರಿನಲ್ಲಿ ಒಬ್ಬರು ಮಕ್ಕಳ ಬಗ್ಗೆ, ಮಕ್ಕಳ ಜೊತೆ ಮಾತಾಡುತ್ತಿದ್ದರು. ಅವರು ಯಾನುಷ್ ಕೊರ್ಚಾಕ್. ಮಕ್ಕಳ ವೈದ್ಯ, ಲೇಖಕ, ಅನಾಥಾಲಯದ ಮುಖ್ಯಸ್ಥ. ಯಹೂದಿ ಎಂಬ ಕಾರಣಕ್ಕೆ ಅವರ ಹೆಸರನ್ನು ಹೇಳುತ್ತಿರಲಿಲ್ಲ, ಧ್ವನಿ ಮಾತ್ರ ಕೇಳಿಸುತ್ತಿತ್ತು. ಅವರ ಅನಾಥಾಲಯದಲ್ಲಿ ಮಕ್ಕಳೇ ನಡೆಸುವ ನ್ಯಾಯಾಲಯ ಇತ್ತು. ದೊಡ್ಡವರ ಮೇಲೂ ಮಕ್ಕಳು ಅಲ್ಲಿ ದೂರು ಕೊಡಬಹುದಿತ್ತು. ಯುದ್ಧ ಬಂತು, ಜರ್ಮನರು ಪೋಲೆಂಡಿನವರ ರೇಡಿಯೊಗಳನ್ನೆಲ್ಲ ಕಿತ್ತುಕೊಂಡರು. ಡಾಕ್ಟರು ಮಕ್ಕಳ ಜೊತೆ ಗೆಟ್ಟೊ ಸೇರಿದರು.

1942ರ ಜುಲೈ 18ರಂದು ಆ ಮಕ್ಕಳು ಒಂದು ನಾಟಕ ಆಡಿದರು. ರವೀಂದ್ರನಾಥ ಠಾಕೂರರ 'ಡಾಕ್ ಘರ್'. ಕಾಯಿಲೆಯ ಹುಡುಗ ಅಮಲ, ಹೊರಗೆ ಬಿಡಬಾರದೆಂದು ವೈದ್ಯರ ಕಟ್ಟಪ್ಪಣೆ, ಕಿಟಕಿಯಲ್ಲಿ ಕೂತು ಹೋಗಿಬರುವವರನ್ನು ಮಾತಾಡಿಸುವುದು, ರಾಜನ ಕಾಗದಕ್ಕೆ ಕಾಯುವುದು. ನಮ್ಮ ಶಾಲೆಯಲ್ಲಿ ನಾನೂ ಒಮ್ಮೆ ಆ ನಾಟಕ ಆಡಿಸಿದ್ದೆ. ಮೊಸರು ಮಾರುವವನ ಪಾತ್ರ ತನಗೇ ಬೇಕೆಂದು ಇಬ್ಬರು ಹುಡುಗರು ಅತ್ತಿದ್ದರು. ಅದೇ ನಾಟಕವನ್ನು ಗೋಡೆಯೊಳಗಿನ ಮಕ್ಕಳು ಆಡಿದ್ದರೆಂದು ಆಗ ನನಗೆ ತಿಳಿದಿರಲಿಲ್ಲ. ಮಕ್ಕಳು ಸಾವನ್ನು ಹೆದರದೆ ಎದುರುಗೊಳ್ಳಲಿ ಎಂದು ಕೊರ್ಚಾಕ್ ಅದನ್ನು ಆರಿಸಿದರು ಎನ್ನುತ್ತಾರೆ. ಇರಬಹುದು. ಕಿಟಕಿಯಾಚೆಗಿನ ಪ್ರಪಂಚ ಬೇಕೆನ್ನುವ ಹುಡುಗನ ಕಥೆ ಗೋಡೆಯೊಳಗಿನ ಮಕ್ಕಳಿಗೆ ತಮ್ಮದೇ ಅನ್ನಿಸಿರಬೇಕು ಎಂದು ಟೀಚರಾದ ನನಗೆ ತೋರುತ್ತದೆ. ನಾಟಕವಾದ ನಾಲ್ಕನೆಯ ದಿನ ಸಾಗಣೆ ಶುರುವಾಯಿತು. ಆಗಸ್ಟ್ ಮೊದಲ ವಾರ ಮಕ್ಕಳ ಸರದಿ ಬಂತು. ಡಾಕ್ಟರನ್ನು ಉಳಿಸಲು ಸ್ನೇಹಿತರು ದಾರಿ ಮಾಡಿದ್ದರು; ಅವರು ಹೋಗಲಿಲ್ಲ. ಸುಮಾರು ಇನ್ನೂರು ಮಕ್ಕಳು, ಕೊರ್ಚಾಕ್, ಮೂವತ್ತು ವರ್ಷ ಅವರ ಜೊತೆ ಆ ಮನೆ ನಡೆಸಿದ ಸ್ತೆಫಾನಿಯಾ ವಿಲ್ಚಿನ್ಸ್ಕಾ, ಉಳಿದ ಸಿಬ್ಬಂದಿ, ಸಾಲಾಗಿ ನಡೆದು ರೈಲು ಹತ್ತಿದರು. ರೈಲು ಟ್ರೆಬ್ಲಿಂಕಾಕ್ಕೆ ಹೋಯಿತು.

1964ರಲ್ಲಿ ಆ ಬಯಲಿನಲ್ಲಿ ಸ್ಮಾರಕ ಮಾಡಿದರು. ಒಡೆದ ಕಲ್ಲುಗಳು, ಹದಿನೇಳು ಸಾವಿರ. ರೈಲು ಹಳಿ ಇದ್ದ ಕಡೆ ಸಿಮೆಂಟಿನ ಅಡ್ಡಪಟ್ಟಿಗಳು. ಇನ್ನೂರಕ್ಕೂ ಹೆಚ್ಚು ಕಲ್ಲುಗಳ ಮೇಲೆ ಊರುಗಳ ಹೆಸರಿದೆ, ಯಾವ ಊರಿನ ಜನ ಇಲ್ಲಿ ಇಲ್ಲವಾದರೋ ಆ ಊರಿನದು. ವ್ಯಕ್ತಿಯ ಹೆಸರಿರುವ ಕಲ್ಲು ಒಂದೇ: ಯಾನುಷ್ ಕೊರ್ಚಾಕ್ ಮತ್ತು ಮಕ್ಕಳು. ನೆಲದಡಿ ಇರುವುದನ್ನು ಅಗೆಯುವಂತಿಲ್ಲ, ಸತ್ತವರನ್ನು ಕದಲಿಸಬಾರದು ಎಂಬುದು ಯಹೂದಿ ಧರ್ಮದ ನಿಯಮ. ಅದಕ್ಕೇ 2010ರಿಂದ ಬ್ರಿಟನ್ನಿನ ಪುರಾತತ್ತ್ವಜ್ಞೆ ಕ್ಯಾರೊಲಿನ್ ಸ್ಟರ್ಡಿ ಕಾಲ್ಸ್ ಹೆಚ್ಚಾಗಿ ರೇಡಾರಿನಿಂದ ನೆಲವನ್ನು ಪರೀಕ್ಷಿಸಿದರು. ಬೇಕಾದ ಕಡೆ ಮಾತ್ರ ಅಗೆದಾಗ ಜನರನ್ನು ಕೊಂದ ಗ್ಯಾಸ್ ಕೋಣೆಯ ಇಟ್ಟಿಗೆ, ಟೈಲ್ಸ್ ಸಿಕ್ಕವು. ಕೋಣೆ ಸ್ನಾನದ ಮನೆಯಂತೆ ಕಾಣಲಿ ಎಂದು ಹಾಕಿದ ಟೈಲ್ಸ್.

ಪಕ್ಕದ ಮನೆಯವರು ಕೇಳಿದರು, 'ಅಲ್ಲಾ ಟೀಚರ್, ಅಷ್ಟು ದುಡ್ಡು ಕೊಟ್ಟು ಅಷ್ಟು ದೂರ ಹೋಗಿ ಸ್ಮಶಾನ ನೋಡ್ತೀರಾ?' ಹೌದು, ಸ್ಮಶಾನವೇ. ಹಾಗೆಂದುಕೊಂಡೇ ಹೋಗುತ್ತಿದ್ದೇನೆ. ಅಲ್ಲಿ ನಿಂತು ನನ್ನ ಮುಖದ ಫೋಟೊ ತೆಗೆಯಬೇಡ ಎಂದು ಮಗಳಿಗೆ ಹೇಳಿದ್ದೇನೆ. ಹೂವು ಒಯ್ಯುವುದಿಲ್ಲ, ಯಹೂದಿಗಳು ಸಮಾಧಿಯ ಮೇಲೆ ಇಡುವುದು ಚಿಕ್ಕ ಕಲ್ಲನ್ನು. ಹೊರಗೆ ಬಂದ ಮೇಲೆ ಕೈ ತೊಳೆದುಕೊಳ್ಳುವುದು ಅವರಲ್ಲೂ ಉಂಟು. ನೀರು, ರೊಟ್ಟಿ ಕಟ್ಟಿಕೊಂಡು ಬೆಳಗಿನ ರೈಲಿಗೆ ಮಾಲ್‌ಕಿನ್ಯಾವರೆಗೆ ಹೋಗಿ, ಅಲ್ಲಿಂದ ಟ್ಯಾಕ್ಸಿ. ಹತ್ಯಾ ಶಿಬಿರದ ಬಯಲಿನಿಂದ ಎರಡು ಕಿಲೋಮೀಟರ್ ಆಚೆ ಜಲ್ಲಿ ಗುಂಡಿಯ ಬಳಿ ಇನ್ನೊಂದು ಶಿಬಿರ ಇತ್ತು, ದುಡಿಸಿ ಸಾಯಿಸಿದ್ದು, ಅಲ್ಲಿಯೂ ಹತ್ತು ಸಾವಿರ ಜನ. ಆ ದಾರಿಯನ್ನು ನಡೆದೇ ಹೋಗಬೇಕೆಂದಿದೆ. ಮೊಣಕಾಲು ಒಪ್ಪಬೇಕು.

ಈಗ ಒಂದು ನೋಟ್‌ಬುಕ್ಕಿನಲ್ಲಿ ರೈಲು ಹೊರಟ ಊರುಗಳ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೇನೆ, ಕಲ್ಲಿನ ಮುಂದೆ ನಿಂತಾಗ ತಪ್ಪಿಲ್ಲದೆ ಓದಬೇಕು ಎಂದು. ವಾರ್ಸಾ. ರಾದೊಮ್. ಕ್ಯೆಲ್ಟ್ಸೆ. ಶೆಡ್ಲ್‌ಟ್ಸೆ. ಚೆನ್‌ಸ್ತೊಹೊವಾ. ಭಾನುವಾರ ಫೋನಿನಲ್ಲಿ ಮಗಳಿಗೆ ಓದಿ ಹೇಳುತ್ತೇನೆ. ಅವಳು ತಿದ್ದುತ್ತಾಳೆ. 'ಬ್ಯಾಲಿಸ್ತೊಕ್ ಅಲ್ಲಮ್ಮ, ಆ ಅಕ್ಷರಕ್ಕೆ ಅಡ್ಡಗೆರೆ ಇದೆ ನೋಡು, ಲ ಅಲ್ಲ ಅದು. ಬ್ಯಾವಿಸ್ತೊಕ್.' ಹೊಡೆದು ಹಾಕಿ ಮತ್ತೆ ಬರೆದುಕೊಂಡೆ. ಇನ್ನೂ ನೂರ ಎಪ್ಪತ್ತು ಹೆಸರುಗಳು ಬಾಕಿ ಇವೆ.